ಪದ ಪರಿಚಯ: ಗೋ, ವೆಂಟ್, ಗಾನ್

ಇಂಗ್ಲಿಷ್ ಕಲಿಯುವಾಗ ಗೋ, ವೆಂಟ್, ಗಾನ್ ಅಂತ ಬಾಯಿಪಾಠ ಮಾಡದವರು ಯಾರಿದ್ದಾರೆ? ವಾಕ್‌ಗೆ ವಾಕ್ಡ್ ಇದ್ದ ಹಾಗೆ ಗೋಗೆ 'ಗೋಡ್' ಯಾಕಿಲ್ಲ ಅಂತ ಮಕ್ಕಳು ಕೇಳಿದರೆ, ಅದು ಹಾಗೇ, ಸುಮ್ನೆ ಕಲಿ ಎನ್ನುತ್ತೇವೆ. ಹಾಗೆ ಹೇಳಿ ಬಾಯಿ ಮುಚ್ಚಿಸಬಾರದು. ಮಗು ಕೇಳಿದ್ದು ಸರಿಯಾದ ಪ್ರಶ್ನೆ, ಅದಕ್ಕೆ ಒಳ್ಳೆಯ ಉತ್ತರವೂ ಇದೆ.

ವೆಂಟ್ ಹುಟ್ಟಿದ್ದು ಗೋ ಪದದಿಂದ ಅಲ್ಲ. ಅದು 'ವೆಂಡ್' ಎಂಬ ಬೇರೆಯದೇ ಕ್ರಿಯಾಪದದ ಭೂತಕಾಲ. ಸೆಂಡ್-ಸೆಂಟ್, ಬೆಂಡ್-ಬೆಂಟ್, ಸ್ಪೆಂಡ್-ಸ್ಪೆಂಟ್ ಇವೆ ಅಲ್ವಾ, ಅದೇ ಸಾಲಿನಲ್ಲಿ ವೆಂಡ್-ವೆಂಟ್. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ವೆಂಡ್ ಅಂದರೆ ತಿರುಗು, ತಿರುಗಿಸು ಎಂದರ್ಥ. ತಿರುಗಿ ಹೊರಡುವುದು, ದಾರಿ ಹಿಡಿದು ಸಾಗುವುದು ಎಂಬ ಅರ್ಥವೂ ಅದಕ್ಕೆ ಸೇರಿ, ಕೊನೆಗೆ ಬರೀ 'ಹೋಗು' ಎನ್ನುವುದಕ್ಕೆ ತೀರಾ ಹತ್ತಿರವಾಯಿತು. ಆಗ ಗೋಗೆ 'ಏಓಡೆ' ಎಂಬ ಭೂತಕಾಲ ಇತ್ತು, ಅದೂ ಬೇರೆ ಮೂಲದ್ದೇ. 15ನೇ ಶತಮಾನದ ಹೊತ್ತಿಗೆ ದಕ್ಷಿಣ ಇಂಗ್ಲೆಂಡಿನ ಮಾತಿನಲ್ಲಿ ಅದರ ಜಾಗಕ್ಕೆ ವೆಂಟ್ ಬಂದು ಕೂತಿತು. ಸ್ಕಾಟ್ಲೆಂಡ್ ಕಡೆಯವರು ಮಾತ್ರ ಗೋ ಪದದಿಂದಲೇ 'ಗೇಡ್' ಅಂತ ಮಾಡಿಕೊಂಡರು, ಅಂದರೆ ನಮ್ಮ ಮಕ್ಕಳು ಊಹಿಸುವ ರೂಪ ಅಲ್ಲಿ ನಿಜವಾಗಿಯೂ ಬಳಕೆಯಲ್ಲಿತ್ತು! ತನ್ನ ವೆಂಟ್ ಕೈಬಿಟ್ಟುಹೋದ ಮೇಲೆ ವೆಂಡ್‌ಗೆ 'ವೆಂಡೆಡ್' ಎಂಬ ಹೊಸ ರೂಪ ಬಂತು. ಈಗ ಆ ಕ್ರಿಯಾಪದವನ್ನು ಬಳಸುವುದು ತುಂಬಾ ಕಡಿಮೆ.

ಗಾನ್ ಮಾತ್ರ ಗೋ ಪದದ ಸ್ವಂತ ರೂಪ. 'ಟೂ ಇಯರ್ಸ್ ಅಗೋ' ಎನ್ನುವಾಗಿನ ಅಗೋ ಕೂಡ ಇದೇ ಮನೆಯದು, ಮೊದಲು ಅದಕ್ಕೆ 'ಕಳೆದುಹೋದ' ಎಂಬ ಅರ್ಥ. ನಾವೂ ಹೋದ ವಾರ, ಹೋದ ವರ್ಷ ಅನ್ನುತ್ತೇವಲ್ಲ! ಹಾಲು ವಿಷಯಕ್ಕೆ ಬಂದರೂ ಅಷ್ಟೇ. ಅವರ ಹಾಲು 'ವೆಂಟ್ ಬ್ಯಾಡ್', ನಮ್ಮ ಹಾಲು ಕೆಟ್ಟುಹೋಯಿತು. ಯಾರೂ ಯಾರಿಂದಲೂ ಎರವಲು ಪಡೆದದ್ದಲ್ಲ, ಎರಡೂ ಭಾಷೆಗೆ ತಾನಾಗಿ ಹೊಳೆದದ್ದು ಇದೇ ಕ್ರಿಯಾಪದ. ನನಗೆ ಇದು ಬಹಳ ಇಷ್ಟ.

ರೈಲ್ವೆ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಗೊತ್ತಲ್ಲ? ಹಳೆಯ ಇಂಗ್ಲಿಷಿನಲ್ಲಿ ಗ್ಯಾಂಗ್ ಅಂದರೆ ಹೋಗುವಿಕೆ, ಪಯಣ. ಆಮೇಲೆ ಅದು ಜತೆಯಾಗಿ ಹೋಗುವ ವಸ್ತುಗಳ ಸೆಟ್ ಆಯಿತು, ಅಲ್ಲಿಂದ ಒಟ್ಟಿಗೆ ಕೆಲಸ ಮಾಡುವ ಆಳುಗಳ ಗುಂಪಾಯಿತು. ಕಳ್ಳರ ಗ್ಯಾಂಗ್ ಎಂಬ ಅರ್ಥ ಅದರ ನಂತರದ್ದು.

ಇನ್ನು 'ಗೋಯಿಂಗ್ ಟು'. ಮೊದಲು ಇದು ಏನನ್ನೋ ಮಾಡಲು ನಿಜವಾಗಿ ಎಲ್ಲಿಗೋ ಹೊರಟವರ ಮಾತು. ಏನೋ ಮಾಡಲು ಹೊರಟಿದ್ದಾನೆ ಅಂದರೆ ಅದನ್ನು ಇನ್ನೂ ಮಾಡಿಲ್ಲ, ಮುಂದೆ ಮಾಡುತ್ತಾನೆ ಅಂತ ತಾನೇ? ಹಾಗಾಗಿ ನಡಿಗೆಯ ಅರ್ಥ ಸವೆದು ಭವಿಷ್ಯತ್ಕಾಲ ಉಳಿಯಿತು. 'ಇಟ್ ಈಸ್ ಗೋಯಿಂಗ್ ಟು ರೇನ್' ಅಂದರೆ ಮಳೆ ಎಲ್ಲಿಗೂ ಹೊರಟಿಲ್ಲ, ಇನ್ನೇನು ಸುರಿಯುತ್ತದೆ ಅಷ್ಟೆ. ಮಾತಿನಲ್ಲಿ ಅದು ಇನ್ನೂ ಸವೆದು 'ಗಾನಾ' ಆಗಿದೆ. ಆದರೆ ಈ ಗಾನಾ ಭವಿಷ್ಯಕ್ಕೆ ಮಾತ್ರ. 'ಐಯಾಮ್ ಗಾನಾ ಈಟ್' ಸರಿ, 'ಐಯಾಮ್ ಗಾನಾ ಮೈಸೂರು' ಅಂತ ಯಾರೂ ಅನ್ನುವುದಿಲ್ಲ. ಊರಿಗೆ ಹೋಗುವಾಗ ಪೂರ್ತಿ 'ಗೋಯಿಂಗ್ ಟು' ಅಂತಲೇ ಹೇಳಬೇಕು.