ಐನ್‌ಸ್ಟೈನ್‌ಗೆ ಬಂದ ಹತ್ತು ಪುಟದ ತಕರಾರು

1936ರಲ್ಲಿ ಐನ್‌ಸ್ಟೈನ್ ತಮ್ಮ ಸಹಾಯಕ ನೇಥನ್ ರೋಸೆನ್ ಜೊತೆ ಒಂದು ಪ್ರಬಂಧ ಬರೆದು ಅಮೆರಿಕದ 'ಫಿಸಿಕಲ್ ರಿವ್ಯೂ' ಪತ್ರಿಕೆಗೆ ಕಳಿಸಿದರು. ವಿಷಯ ಗುರುತ್ವದ ಅಲೆಗಳು, ಅಂದರೆ ಭಾರೀ ಕಾಯಗಳ ಚಲನೆಯಿಂದ ದೇಶಕಾಲದಲ್ಲೇ ಏಳುವ ಅಲೆಗಳು. ಅಂಥ ಅಲೆಗಳು ಇರಬೇಕು ಎಂದು ಇಪ್ಪತ್ತು ವರ್ಷ ಮೊದಲು ಹೇಳಿದ್ದವರು ಅವರೇ. ಈಗ ಲೆಕ್ಕ ಬೇರೆ ಹೇಳುತ್ತಿತ್ತು. ಅಲೆಗಳು ಇಲ್ಲವೇ ಇಲ್ಲ ಎಂದು ಬರೆದಿದ್ದರು.

ಸಂಪಾದಕ ಜಾನ್ ಟೇಟ್ ಹಸ್ತಪ್ರತಿಯನ್ನು ಇನ್ನೊಬ್ಬ ತಜ್ಞರಿಗೆ ಕೊಟ್ಟರು. ಹತ್ತು ಪುಟದ ತಕರಾರು ವಾಪಸ್ ಬಂತು. ಐನ್‌ಸ್ಟೈನ್‌ಗೆ ಸಿಟ್ಟು. ಅಚ್ಚು ಹಾಕಲಿ ಎಂದು ಕಳಿಸಿದ್ದೆವು, ಅದಕ್ಕೂ ಮೊದಲೇ ಬೇರೆಯವರಿಗೆ ತೋರಿಸಿ ಎಂದು ಹೇಳಿರಲಿಲ್ಲ ಎಂಬರ್ಥದ ಕಾಗದ ಬರೆದು ಪ್ರಬಂಧ ಹಿಂದಕ್ಕೆ ಪಡೆದರು. ಪೂರ್ತಿ ಅವರದ್ದೇ ತಪ್ಪು ಎನ್ನುವ ಹಾಗೂ ಇಲ್ಲ. ಅವರಿಗೆ ರೂಢಿಯಿದ್ದ ಜರ್ಮನ್ ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಸಂಪಾದಕರೇ ಓದಿ ತೀರ್ಮಾನಿಸುತ್ತಿದ್ದರು.

ಅಷ್ಟರಲ್ಲಿ ರೋಸೆನ್ ಸೋವಿಯತ್ ಒಕ್ಕೂಟಕ್ಕೆ ಹೋಗಿದ್ದರು. ಹೊಸ ಸಹಾಯಕ ಲಿಯೊಪೋಲ್ಡ್ ಇನ್‌ಫೆಲ್ಡ್‌ಗೆ ಪ್ರಿನ್ಸ್‌ಟನ್ನಿನ ಭೌತವಿಜ್ಞಾನಿ ಹೊವರ್ಡ್ ರಾಬರ್ಟ್‌ಸನ್ ಪರಿಚಯವಾದರು. ಇಬ್ಬರೂ ಕೂತು ಲೆಕ್ಕ ನೋಡಿದಾಗ ತಪ್ಪು ಸಿಕ್ಕಿತು. ಇನ್‌ಫೆಲ್ಡ್ ಓಡಿಹೋಗಿ ಹೇಳಿದರೆ, ಹಿಂದಿನ ರಾತ್ರಿ ತಾನೂ ಒಂದು ತಪ್ಪು ಕಂಡೆ ಎಂದರಂತೆ ಐನ್‌ಸ್ಟೈನ್.

ತಪ್ಪು ಏನು? ಅಲೆಯ ಸಮೀಕರಣ ಒಂದು ಕಡೆ ಅನಂತಕ್ಕೆ ಹೋಗಿ ಕೆಡುತ್ತಿತ್ತು. ಅದಕ್ಕೇ ಅಲೆ ಅಸಾಧ್ಯ ಎಂದುಕೊಂಡಿದ್ದರು. ಆದರೆ ಕೆಟ್ಟಿದ್ದು ಅಲೆಯಲ್ಲ, ಜಾಗ ಗುರುತಿಸಲು ಎಳೆದುಕೊಂಡ ಗೆರೆಗಳು. ಉತ್ತರ ಧ್ರುವದಲ್ಲಿ ರೇಖಾಂಶಗಳೆಲ್ಲ ಒಂದೇ ಚುಕ್ಕೆಗೆ ಬಂದು ಸೇರುತ್ತವೆ. ಅಲ್ಲಿ ನಿಂತವರ ರೇಖಾಂಶ ಎಷ್ಟು ಎಂದು ಕೇಳಿದರೆ ಉತ್ತರವಿಲ್ಲ. ಹಾಗಂತ ಅಲ್ಲಿ ಭೂಮಿಗೇನೂ ತೂತು ಬಿದ್ದಿಲ್ಲ, ಅಲ್ವಾ? ಗೆರೆಗಳನ್ನು ಬದಲಿಸಿದಾಗ ಅದೇ ಲೆಕ್ಕ ಕೊಳವೆಯಾಕಾರದ ಅಲೆಯನ್ನು ತೋರಿಸಿತು. 1937ರಲ್ಲಿ ಪ್ರಬಂಧ ಬೇರೊಂದು ಪತ್ರಿಕೆಯಲ್ಲಿ ಬಂದಾಗ ತೀರ್ಮಾನ ತಿರುವುಮುರುವಾಗಿತ್ತು.

ತಿದ್ದುವುದು ಎಂದರೆ ಕಾಗುಣಿತ ಸರಿಮಾಡಿ, ವಾಕ್ಯ ನಯಮಾಡುವ ಕೆಲಸ ಎಂದು ತುಂಬ ಜನ ತಿಳಿದಿದ್ದಾರೆ. ಸಂಶೋಧನೆ ಮುಗಿದ ಮೇಲೆ ಬಳಿಯುವ ಬಣ್ಣದ ಹಾಗೆ. ನನಗೆ ಕಾಣುವುದು ಉಲ್ಟಾ. ಎಷ್ಟೋ ಸಲ ಸಂಶೋಧನೆ ನಡೆಯುವುದೇ ಅಲ್ಲಿ. ತಲೆಯೊಳಗೆ ಗಟ್ಟಿಯಾಗಿರುವ ವಾದ, ಕಾಗದದ ಮೇಲೆ 'ಆದ್ದರಿಂದ' ಎಂದು ಬರೆದ ಜಾಗದಲ್ಲಿ ಕುಸಿಯುತ್ತದೆ.

ಗಣಿತಜ್ಞ ಆಂಡ್ರ್ಯೂ ವೈಲ್ಸ್‌ಗೆ ಆದದ್ದು ಇದೇ. ಫರ್ಮಾ ಎಂಬ ಗಣಿತಜ್ಞರು ಸಂಖ್ಯೆಗಳ ಬಗ್ಗೆ ಬರೆದಿಟ್ಟ 'ಕೊನೆಯ ಪ್ರಮೇಯ'ದ ಸಾಧನೆ 350ಕ್ಕೂ ಹೆಚ್ಚು ವರ್ಷದಿಂದ ಯಾರ ಕೈಗೂ ಸಿಕ್ಕಿರಲಿಲ್ಲ. 1993ರ ಜೂನ್‌ನಲ್ಲಿ ವೈಲ್ಸ್ ಅದನ್ನು ಸಾಧಿಸಿದೆ ಎಂದಾಗ ಜಗತ್ತೇ ಚಪ್ಪಾಳೆ ತಟ್ಟಿತು. ಆಮೇಲೆ ಹಸ್ತಪ್ರತಿ ಪರಿಶೀಲನೆಗೆ ಹೋಯಿತು. ಪರಿಶೀಲಕರಲ್ಲೊಬ್ಬರಾದ ಗಣಿತಜ್ಞ ನಿಕ್ ಕಾಟ್ಜ್ ಸಾಲು ಸಾಲಾಗಿ ಓದಿ ಪ್ರಶ್ನೆ ಕೇಳುತ್ತಾ ಹೋದರು. ಹೆಚ್ಚಿನವಕ್ಕೆ ಉತ್ತರ ಸುಲಭವಾಗಿ ಸಿಕ್ಕಿತು. ಒಂದಕ್ಕೆ ಮಾತ್ರ ಸಿಗಲಿಲ್ಲ. ಆ ಒಂದು ಬಿರುಕು ಮುಚ್ಚಲು ಒಂದು ವರ್ಷಕ್ಕೂ ಜಾಸ್ತಿ ಹಿಡಿಯಿತು, ಶಿಷ್ಯ ರಿಚರ್ಡ್ ಟೇಲರ್ ಜೊತೆಯಾದರು. 1994ರ ಸೆಪ್ಟೆಂಬರ್‌ನಲ್ಲಿ ದಾರಿ ಕಂಡಿತು. ತಮಾಷೆಯೆಂದರೆ, ವೈಲ್ಸ್ ಹಿಂದೆ ಪ್ರಯತ್ನಿಸಿ ಕೈಬಿಟ್ಟಿದ್ದ ವಿಧಾನವೇ ಅವರನ್ನು ಪಾರು ಮಾಡಿತು.

ಹೀಗೆ ಹಸ್ತಪ್ರತಿ ಪರಿಶೀಲಿಸುವ ತಜ್ಞರು ಎಲ್ಲ ತಪ್ಪನ್ನೂ ಹಿಡಿಯುತ್ತಾರೆ ಎಂದಲ್ಲ. ಸಾಮಾನ್ಯವಾಗಿ ಅವರು ಪ್ರಯೋಗವನ್ನು ಮತ್ತೆ ಮಾಡಿ ನೋಡುವುದಿಲ್ಲ, ಬರೆದದ್ದನ್ನು ಓದುತ್ತಾರೆ ಅಷ್ಟೆ. ಕೆಲವರ ತಕರಾರು ಸುಮ್ನೆ ಕಿರಿಕಿರಿ.

ಗುರುತ್ವದ ಅಲೆಗಳನ್ನು, ಅವನ್ನು ಪತ್ತೆಹಚ್ಚಲೆಂದೇ ಅಮೆರಿಕದಲ್ಲಿ ಕಟ್ಟಿದ ಲೈಗೋ ಉಪಕರಣಗಳು 2015ರ ಸೆಪ್ಟೆಂಬರ್ 14ರಂದು ನೇರವಾಗಿ ಹಿಡಿದವು. ಅದಕ್ಕೂ ಹತ್ತು ವರ್ಷ ಮೊದಲು ಇನ್ನೊಂದು ವಿಷಯ ಬೆಳಕಿಗೆ ಬಂದಿತ್ತು. 'ಫಿಸಿಕಲ್ ರಿವ್ಯೂ'ದ ಹಳೆಯ ದಾಖಲೆ ಪುಸ್ತಕದಲ್ಲಿ ಆ ಹತ್ತು ಪುಟ ಬರೆದವರ ಹೆಸರಿತ್ತು: ರಾಬರ್ಟ್‌ಸನ್.