ಬದನೆಯಲ್ಲದ ಬದನೆ, ಟರ್ಕಿಯದಲ್ಲದ ಟರ್ಕಿ

ಹೇಳದೆ ಕೇಳದೆ ಜಾಗ ಖಾಲಿ ಮಾಡಿದರೆ ಇಂಗ್ಲಿಷರು ಅದನ್ನು 'ಫ್ರೆಂಚ್ ಲೀವ್' ಅನ್ನುತ್ತಾರೆ. ಫ್ರೆಂಚರನ್ನು ಕೇಳಿ, 'ಇಂಗ್ಲಿಷರ ಥರ ಜಾರಿಕೊಂಡ' ಅನ್ನುತ್ತಾರೆ. ಇಂಥ ಮಾತು ಹಿಡಿದುಕೊಂಡು ಒಂದು ದೇಶದವರ ಗುಣ ಅಳೆಯುವವರನ್ನು ಕಂಡರೆ ನನಗೆ ತಲೆ ಕೆಡುತ್ತದೆ.

'ಡಚ್ ಕರೇಜ್' ಅಂದರೆ ಕುಡಿದಾಗ ಬರುವ ಧೈರ್ಯ. 'ಡಬಲ್ ಡಚ್' ಅಂದರೆ ತಲೆಬುಡ ಇಲ್ಲದ ಮಾತು. ಇವೂ ಇಂಗ್ಲಿಷರದೇ ಮಾತು. ಅಷ್ಟಕ್ಕೂ ಡಚ್ಚರು, ಅಂದರೆ ನೆದರ್ಲೆಂಡಿನವರು, ಮಾಡಿದ ತಪ್ಪೇನು? ಇಂಗ್ಲಿಷರ ಜೊತೆ ಸಮುದ್ರ ವ್ಯಾಪಾರಕ್ಕೆ ಪೈಪೋಟಿಗೆ ಬಿದ್ದದ್ದು. 1652ರಿಂದ 1674ರೊಳಗೆ ಇಬ್ಬರ ನಡುವೆ ಮೂರು ಯುದ್ಧ ನಡೆದವು. 1667ರಲ್ಲಂತೂ ಡಚ್ಚರು ಇಂಗ್ಲೆಂಡಿನ ಮೆಡ್ವೇ ನದಿಯೊಳಗೇ ನುಗ್ಗಿ, ಇಂಗ್ಲಿಷರ ಹೆಮ್ಮೆಯ ಹಡಗು 'ರಾಯಲ್ ಚಾರ್ಲ್ಸ್' ಅನ್ನು ಎಳೆದುಕೊಂಡು ಹೋದರು. ಹೊಟ್ಟೆ ಉರಿಯದೆ ಇರುತ್ತದಾ?

ಜಗಳ ಇಲ್ಲದಿದ್ದರೂ ಹೆಸರು ದಾರಿ ತಪ್ಪುತ್ತದೆ. ಸಿಗರೇಟನ್ನು ಒಂದೇ ಏಟಿಗೆ ಬಿಟ್ಟರೆ 'ಕೋಲ್ಡ್ ಟರ್ಕಿ' ಅನ್ನುತ್ತಾರಲ್ಲ, ಆ ಟರ್ಕಿ ಕೋಳಿ ಅಸಲಿಗೆ ಮೆಕ್ಸಿಕೋ ಕಡೆಯದು. 16ನೇ ಶತಮಾನದಲ್ಲಿ ಸ್ಪೇನಿನವರು ಅದನ್ನು ಯುರೋಪಿಗೆ ತಂದರು. ಆದರೆ ಆಫ್ರಿಕಾದ ಗಿನಿ ಕೋಳಿಯನ್ನು ಇಂಗ್ಲಿಷರು ಮೊದಲೇ 'ಟರ್ಕಿ' ಅನ್ನುತ್ತಿದ್ದರು, ಟರ್ಕಿ ಕಡೆಯ ವ್ಯಾಪಾರಿಗಳ ಕೈಯಿಂದ ಬಂದದ್ದು ಅಂತ. ಎರಡೂ ಒಂದೇ ಅಂದುಕೊಂಡು ಹೊಸದಕ್ಕೂ ಅದೇ ಹೆಸರು ಅಂಟಿಸಿದರು. ಸೀರೆ ನೇಯ್ದ ಊರು ಎಲ್ಲೋ, ಚೀಲದ ಮೇಲೆ ಅಂಗಡಿ ಹೆಸರು. ಅಕ್ಕಿ ಬೆಳೆದ ಗದ್ದೆ ಎಲ್ಲೋ, ಮೂಟೆ ಮೇಲೆ ಮಂಡಿಯ ಮೊಹರು.

ಮಜಾ ಅಂದರೆ, ಟರ್ಕಿಯವರು ಇದೇ ಹಕ್ಕಿಯನ್ನು 'ಹಿಂದಿ' ಅನ್ನುತ್ತಾರೆ, ಅಂದರೆ ಭಾರತದ್ದು. ಫ್ರೆಂಚ್ ಹೆಸರಿಗೂ ಅದೇ ಅರ್ಥ. ಡಚ್ ಹೆಸರು ಹುಟ್ಟಿದ್ದು ನಮ್ಮ ಪಕ್ಕದ ಕಲ್ಲಿಕೋಟೆಯಿಂದ! ಪೋರ್ಚುಗೀಸರಿಗೆ ಅದು 'ಪೆರು'. ವಿಜ್ಞಾನವೂ ಪಾರಾಗಲಿಲ್ಲ. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೀಯಸ್ ಇದಕ್ಕೆ ಕೊಟ್ಟ ಕುಲದ ಹೆಸರು 'ಮೆಲಿಯಾಗ್ರಿಸ್'. ಗ್ರೀಕ್ ಭಾಷೆಯಲ್ಲಿ ಅದು ಗಿನಿ ಕೋಳಿಯ ಹೆಸರು.

ನಗುವ ಮುಂಚೆ ತರಕಾರಿ ಬುಟ್ಟಿ ನೋಡಿ. ತಿಳಿ ಹಸಿರು ಬಣ್ಣ, ಪೇರಳೆ ಆಕಾರ, ತುದಿಯಲ್ಲಿ ಮುಚ್ಚಿದ ಬಾಯಿಯಂಥ ಮಡಿಕೆ: ಸೀಮೆಬದನೆ. ಇದೂ ಮೆಕ್ಸಿಕೋ ಕಡೆಯಿಂದಲೇ ಬಂದದ್ದು. ಜಾತಿಯಲ್ಲಿ ಬದನೆಯ ನೆಂಟನಲ್ಲ, ಸೌತೆಕಾಯಿ, ಕುಂಬಳಕಾಯಿಯ ನೆಂಟ. ನಾವು ಅದನ್ನು ಪರದೇಶದ್ದು ಅಂತ ಸೀಮೆಗೆ ಸೇರಿಸಿದೆವು. ತಮಿಳರು, ತೆಲುಗರು ಸುಮ್ನೆ 'ಬೆಂಗಳೂರು ಬದನೆ' ಅಂದುಬಿಟ್ಟರು.