ಪರೀಕ್ಷೆಗಿಂತ ಮೊದಲು ಬರಬೇಕಾದ ಕಾಗದ

ಇಂಗ್ಲೆಂಡಿನಲ್ಲಿ ಗರ್ಭಕಂಠದ (ಗರ್ಭಕೋಶದ ಬಾಯಿಯ) ಕ್ಯಾನ್ಸರ್ ಪತ್ತೆಗೆ, ಅಲ್ಲಿನ ಜೀವಕೋಶಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಪ್ ಸ್ಮಿಯರ್ ಪರೀಕ್ಷೆ 1960ರ ದಶಕದಲ್ಲೇ ಶುರುವಾಗಿತ್ತು. ಮಾಡುವ ವೈದ್ಯರಿದ್ದರು, ನೋಡುವ ಪ್ರಯೋಗಾಲಯಗಳಿದ್ದವು. ಎರಡು ದಶಕ ಕಳೆದರೂ ರೋಗ ಮಾತ್ರ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಬೇರೆ ಕೆಲಸಕ್ಕೆಂದು ಆಸ್ಪತ್ರೆಗೆ ಬಂದ ಯುವತಿಯರಿಗೆ ಪದೇ ಪದೇ ಪರೀಕ್ಷೆಯಾಗುತ್ತಿತ್ತು. ಅಪಾಯ ಹೆಚ್ಚಿದ್ದ ನಡುವಯಸ್ಸಿನವರು ಆ ಕಡೆ ಸುಳಿಯುತ್ತಲೇ ಇರಲಿಲ್ಲ.

1988ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಒಂದು ಸರಳ ಕೆಲಸ ಮಾಡಿತು. ಅರ್ಹ ವಯಸ್ಸಿನ ಎಲ್ಲ ಮಹಿಳೆಯರ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿ, ಅದರ ಪ್ರಕಾರ ಮನೆಮನೆಗೆ ಕಾಗದ ಬರೆಯಿತು. ಬರದಿದ್ದವರಿಗೆ ಮತ್ತೊಂದು ಕಾಗದ, ಬಂದವರಿಗೆ ಕೆಲವು ವರ್ಷಗಳ ನಂತರ ಇನ್ನೊಂದು. ಪರೀಕ್ಷೆ ಮಾತ್ರ ಹಳೆಯದೇ. ಆಗ ಶೇ. 42ರಷ್ಟು ಮಹಿಳೆಯರನ್ನು ಮುಟ್ಟುತ್ತಿದ್ದ ತಪಾಸಣೆ 1994ರ ಹೊತ್ತಿಗೆ ಶೇ. 85ರಷ್ಟು ಮಂದಿಯನ್ನು ತಲುಪಿತ್ತು. 1990ರ ದಶಕದ ಮೊದಲರ್ಧದಲ್ಲೇ ಹೊಸ ರೋಗಿಗಳ ಪ್ರಮಾಣ ಸುಮಾರು ಮೂರನೇ ಒಂದರಷ್ಟು ಕುಸಿಯಿತು. ಫಿನ್ಲೆಂಡ್ ಇದೇ ದಾರಿಯನ್ನು 1960ರ ದಶಕದಲ್ಲೇ ಹಿಡಿದಿತ್ತು, ಐದು ವರ್ಷಕ್ಕೊಮ್ಮೆ ಕರೆ ಕಳಿಸಿಯೇ ಸಾವುಗಳನ್ನು ಬಹುಪಾಲು ತಗ್ಗಿಸಿತ್ತು. ಮಹಿಳೆಯರ ಕ್ಯಾನ್ಸರ್ ಬಗ್ಗೆ ಮಾತೆತ್ತಿದರೆ ನಾವು ಹೊಸ ಯಂತ್ರ, ಹೊಸ ಔಷಧಿ ಎನ್ನುತ್ತೇವೆ. ನನ್ನ ಮಟ್ಟಿಗೆ ಆ ಪಟ್ಟಿ ಮತ್ತು ಕಾಗದವೇ ಈ ಕಥೆಯ ನಿಜವಾದ ಆವಿಷ್ಕಾರ.

ಐದು ವರ್ಷಕ್ಕೊಂದು ಕರೆ ಸಾಕಾಗುವುದಕ್ಕೆ ಕಾರಣ ರೋಗದ ನಿಧಾನಗತಿ. ಗರ್ಭಕಂಠದ ಕ್ಯಾನ್ಸರಿಗೆ ಬಹುತೇಕ ಎಲ್ಲ ಸಂದರ್ಭಗಳಲ್ಲೂ ಮೂಲ ಎಚ್‌ಪಿವಿ ಎಂಬ ವೈರಸ್. ಜರ್ಮನಿಯ ಹರಾಲ್ಡ್ ಝೂರ್ ಹೌಸೆನ್ 1983ರಲ್ಲಿ ಅದರ 16ನೇ ಬಗೆಯನ್ನು ಗುರುತಿಸಿದರು, 2008ರಲ್ಲಿ ನೊಬೆಲ್ ಪಡೆದರು. 16 ಮತ್ತು 18ನೇ ಬಗೆಗಳೇ ಸುಮಾರು ಶೇ. 70ರಷ್ಟು ಪ್ರಕರಣಗಳಿಗೆ ಹೊಣೆ. ಲೈಂಗಿಕ ಸಂಪರ್ಕದಿಂದ ಹರಡುವ ಈ ವೈರಸ್ ಹೆಚ್ಚಿನವರಿಗೆ ಜೀವನದಲ್ಲಿ ಒಮ್ಮೆಯಾದರೂ ತಗಲುತ್ತದೆ, ಎರಡು ವರ್ಷದೊಳಗೆ ತಾನಾಗಿ ಹೋಗಿಬಿಡುತ್ತದೆ. ಆದ್ದರಿಂದ ಎಚ್‌ಪಿವಿ ಇದೆ ಎಂಬ ವರದಿ ಯಾರ ನಡತೆಯ ಮೇಲಿನ ತೀರ್ಪೂ ಅಲ್ಲ. ಕೆಲವರಲ್ಲಿ ಮಾತ್ರ ಅದು ಬೇರೂರಿ, ಜೀವಕೋಶಗಳ ವಂಶವಾಹಿಗಳನ್ನು ಕೆಡಿಸುತ್ತಾ ಹೋಗುತ್ತದೆ. ಸೋಂಕಿನಿಂದ ಕ್ಯಾನ್ಸರಿಗೆ ಸಾಮಾನ್ಯವಾಗಿ ಹತ್ತಿಪ್ಪತ್ತು ವರ್ಷ ಬೇಕು. ಅಷ್ಟು ದೊಡ್ಡ ಅವಧಿಯಲ್ಲಿ ನಮಗೆ ಸಿಗಬೇಕಾದದ್ದು ಕೆಲವೇ ನಿಮಿಷ.

ಆ ಕೆಲವು ನಿಮಿಷಗಳಲ್ಲಿ ನಡೆಯುವುದು ಇಷ್ಟು. ಸ್ಪೆಕ್ಯುಲಂ ಎಂಬ ಸಾಧನದಿಂದ ಯೋನಿಯನ್ನು ಮೆಲ್ಲಗೆ ಅಗಲಿಸಿ, ಗರ್ಭಕಂಠದ ಬಾಯಿಗೆ ಮೆತ್ತನೆಯ ಕುಂಚವಿಟ್ಟು ಕೆಲವು ಸುತ್ತು ತಿರುಗಿಸುತ್ತಾರೆ. ಎರಡು ಬಗೆಯ ಜೀವಕೋಶಗಳು ಕೂಡುವ ಅಂಚು ಅಲ್ಲಿದೆ. ವೈರಸ್ ಕೆಲಸ ಶುರುಮಾಡುವುದು ಹೆಚ್ಚಾಗಿ ಅಲ್ಲೇ. ಕುಂಚಕ್ಕೆ ಅಂಟಿದ್ದು ದ್ರವದ ಸೀಸೆಯಲ್ಲಿ ಪ್ರಯೋಗಾಲಯಕ್ಕೆ ಹೋಗುತ್ತದೆ. ವೈರಸ್ ಸಿಕ್ಕಿ, ಜೀವಕೋಶಗಳೂ ಬದಲಾಗಿದ್ದರೆ ಕಾಲ್ಪೊಸ್ಕೊಪಿ, ಅಂದರೆ ಗರ್ಭಕಂಠವನ್ನು ದೊಡ್ಡದಾಗಿ ತೋರಿಸುವ ಮಸೂರದಿಂದ ನೋಡುವುದು. ತೆಳು ಅಸಿಟಿಕ್ ಆಮ್ಲ ಸವರಿ ಒಂದು ನಿಮಿಷ ಕಾದರೆ, ಕೆಟ್ಟ ಭಾಗ ಕಣ್ಣೆದುರೇ ಬೆಳ್ಳಗಾಗುತ್ತದೆ. ಅಗತ್ಯವಿದ್ದರೆ ಆ ಜಾಗವನ್ನಷ್ಟೇ ಮರಗಟ್ಟಿಸಿ, ಬಿಸಿ ತಂತಿಯ ಕುಣಿಕೆಯಿಂದ ತೆಗೆದುಹಾಕುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಹೋಗಬಹುದು. ಇನ್ನೂ ಹುಟ್ಟದ ಕ್ಯಾನ್ಸರನ್ನು ಹೀಗೆ ತಡೆಯಬಹುದಾದ ಉದಾಹರಣೆಗಳು ವೈದ್ಯಶಾಸ್ತ್ರದಲ್ಲಿ ಹೆಚ್ಚಿಲ್ಲ.

ಇಷ್ಟಾದರೂ ಕಾಗದ ಬಂದವರೆಲ್ಲ ಹೋಗುವುದಿಲ್ಲ. ಅದನ್ನು ಅಸಡ್ಡೆ ಎನ್ನುವುದು ಅನ್ಯಾಯ. ಲೈಂಗಿಕ ದೌರ್ಜನ್ಯ ಅನುಭವಿಸಿದವರಿಗೆ ಆ ಮಂಚದ ಮೇಲೆ ಮಲಗುವುದೇ ಹಿಂಸೆ. ಮುಟ್ಟು ನಿಂತವರಿಗೆ ಒಣಗಿದ ಯೋನಿಯಿಂದಾಗಿ ನೋವಾಗಬಹುದು. ಚಿಕ್ಕ ಸ್ಪೆಕ್ಯುಲಂ ಕೇಳಬಹುದು, ಮಹಿಳಾ ಸಿಬ್ಬಂದಿಯೇ ಬೇಕೆನ್ನಬಹುದು, ನಡುವೆ ‘ಸಾಕು, ನಿಲ್ಲಿಸಿ’ ಎನ್ನಬಹುದು. ಇದನ್ನು ಕರೆ ಕಾಗದದಲ್ಲೇ ಬರೆದಿರಬೇಕು. ಆಸ್ಟ್ರೇಲಿಯಾ 2017ರ ಡಿಸೆಂಬರಿನಲ್ಲಿ ಸ್ಮಿಯರ್ ಬಿಟ್ಟು ಎಚ್‌ಪಿವಿ ಪರೀಕ್ಷೆಗೆ ಬದಲಾಯಿತು. 2022ರ ಜುಲೈನಿಂದ ಅಲ್ಲಿ ತಪಾಸಣೆಗೆ ಅರ್ಹರಾದ ಯಾರೇ ಆಗಲಿ ಹತ್ತಿಕಡ್ಡಿಯಲ್ಲಿ ತಾವೇ ಮಾದರಿ ತೆಗೆದುಕೊಡಬಹುದು. ವೈರಸ್ ಪತ್ತೆಗೆ ಅಷ್ಟು ಸಾಕು. ಇನ್ನು ಈ ಪರೀಕ್ಷೆಯ ಬಲವೆಷ್ಟು ಎಂಬುದಕ್ಕೆ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನ ಸಾಕ್ಷಿ: ಒಂದೇ ಒಂದು ಬಾರಿಯ ಎಚ್‌ಪಿವಿ ಪರೀಕ್ಷೆ ಈ ಕ್ಯಾನ್ಸರಿನ ಸಾವುಗಳನ್ನು ಸರಿಸುಮಾರು ಅರ್ಧಕ್ಕಿಳಿಸಿತ್ತು.

ಕರೆದವರಿಗೆ ಕೊನೆಯವರೆಗೂ ನಿಜ ಹೇಳುವ ಹೊಣೆಯೂ ಇದೆ. ಐರ್ಲೆಂಡಿನ ವಿಕಿ ಫೆಲನ್ ಅವರ 2011ರ ಸ್ಮಿಯರಿನಲ್ಲಿ ತೊಂದರೆಯಿಲ್ಲ ಎಂದು ವರದಿ ಬಂದಿತ್ತು. 2014ರಲ್ಲಿ ಕ್ಯಾನ್ಸರ್ ಪತ್ತೆಯಾಯಿತು. ಹಳೆಯ ವರದಿ ತಪ್ಪೆಂದು ಮರುಪರಿಶೀಲನೆಯಲ್ಲಿ ಕಂಡರೂ ಅವರಿಗೆ ತಿಳಿಸಿದ್ದು ವರ್ಷಗಳ ಬಳಿಕ. ಬಾಯಿಮುಚ್ಚಿಸುವ ಕರಾರಿಗೆ ಸಹಿ ಹಾಕಲು ಒಪ್ಪದ ಅವರು 2018ರಲ್ಲಿ ಬಹಿರಂಗವಾಗಿ ಮಾತಾಡಿದಾಗ, ಇನ್ನೂ ಇನ್ನೂರಕ್ಕೂ ಹೆಚ್ಚು ಮಹಿಳೆಯರ ಇಂಥದೇ ಕಥೆ ಹೊರಬಂತು. ಯಾವ ತಪಾಸಣೆಯೂ ಎಲ್ಲವನ್ನೂ ಹಿಡಿಯಲಾರದು, ಅದನ್ನು ಮಹಿಳೆಯರು ಅರ್ಥಮಾಡಿಕೊಳ್ಳಬಲ್ಲರು. ಬಚ್ಚಿಟ್ಟದ್ದನ್ನು ಕ್ಷಮಿಸಬೇಕೆಂದು ಅವರನ್ನು ಕೇಳಲಾಗದು. ಫೆಲನ್ 2022ರಲ್ಲಿ ತೀರಿಕೊಂಡರು.

ಮಹಿಳೆಯರ ಉಳಿದ ಕ್ಯಾನ್ಸರುಗಳಿಗೆ ಹೀಗೆ ಕರೆದು ತಪಾಸಣೆ ಮಾಡುವುದು ಇಷ್ಟು ಚೆನ್ನಾಗಿ ಹೊಂದುವುದಿಲ್ಲ. ಸ್ತನದ ಎಕ್ಸ್-ರೇ ಆದ ಮ್ಯಾಮೊಗ್ರಾಂ ಜೀವ ಉಳಿಸುತ್ತದೆ, ಜೊತೆಗೆ ಎಂದೂ ತೊಂದರೆ ಕೊಡದಿರಬಹುದಾದ ಗಡ್ಡೆಗಳಿಗೂ ಚಿಕಿತ್ಸೆ ಕೊಡಿಸುತ್ತದೆ. ಎರಡನ್ನೂ ತಿಳಿದೇ ಹೋಗಬೇಕು. ಅಂಡಾಶಯಕ್ಕಂತೂ ಬ್ರಿಟನ್ನಿನಲ್ಲಿ ಎರಡು ಲಕ್ಷ ಮಹಿಳೆಯರ ಮೇಲೆ ನಡೆದ ಬೃಹತ್ ಅಧ್ಯಯನದ 2021ರ ಫಲಿತಾಂಶದಲ್ಲೂ ತಪಾಸಣೆಯಿಂದ ಸಾವು ಕಡಿಮೆಯಾಗಲಿಲ್ಲ. ಅಲ್ಲಿ ನಮಗಿರುವುದು ಲಕ್ಷಣಗಳ ತಿಳಿವಳಿಕೆ ಮಾತ್ರ: ವಾರಗಟ್ಟಲೆ ಬಿಡದ ಹೊಟ್ಟೆಯುಬ್ಬರ, ಸ್ವಲ್ಪ ತಿಂದರೂ ಹೊಟ್ಟೆ ತುಂಬಿದಂತಾಗುವುದು, ಪದೇ ಪದೇ ಮೂತ್ರಕ್ಕೆ ಅವಸರ.

ಲಕ್ಷಣ ಕಂಡವರಿಗೆ ಕರೆ ಕಾಗದ ಅನ್ವಯಿಸುವುದೇ ಇಲ್ಲ. ತಪಾಸಣೆ ಏನೂ ತೊಂದರೆ ಇಲ್ಲದವರಿಗಾಗಿ ಇರುವುದು. ಮುಟ್ಟು ನಿಂತ ಮೇಲೆ ಒಂದೇ ಹನಿ ರಕ್ತ ಕಂಡರೂ, ಸಂಭೋಗದ ನಂತರ ರಕ್ತ ಹೋದರೂ ನೇರ ವೈದ್ಯರ ಬಳಿ ಹೋಗಿ. ಕಳೆದ ವರ್ಷದ ಸ್ಮಿಯರ್ ಸರಿಯಿತ್ತು ಎಂಬುದು ಕಾಯಲು ಕಾರಣವಾಗಬಾರದು: ಗರ್ಭಕೋಶದ ಒಳಪದರದ ಕ್ಯಾನ್ಸರನ್ನು ಹುಡುಕಲು ಆ ಪರೀಕ್ಷೆಯನ್ನು ರೂಪಿಸಿಲ್ಲ.